ನೀರೊಳಗಿನ ಕಲ್ಲು ಜಾರುವುದೇಕೆ

ಲೋಕ ಆಗಷ್ಟೇ ಆಗಿತ್ತು. ಮಣ್ಣು ಇನ್ನೂ ಹಸಿ. ಬೆಟ್ಟಗಳು ಸರಿಯಾಗಿ ಕೂತಿರಲಿಲ್ಲ. ಗಾಳಿ ಯಾವ ಕಡೆ ಬೀಸಬೇಕೆಂದು ತಿಳಿಯದೆ ಸಿಕ್ಕಿದವರನ್ನೆಲ್ಲ ಕೇಳಿಕೊಂಡು ಓಡಾಡುತ್ತಿತ್ತು.

ಆಗ ನೀರೊಳಗಿನ ಕಲ್ಲು ಜಾರುತ್ತಿರಲಿಲ್ಲ.

ಹೌದು, ಜಾರುತ್ತಿರಲಿಲ್ಲ. ಹೊಳೆಯ ಕಲ್ಲೆಂದರೆ ಹೊಸ ಬೀಸುವ ಕಲ್ಲಿನಷ್ಟು ಒರಟು. ಮೇಕೆಗಳು ಅದರ ಮೇಲೆ ಕುಣಿಯುತ್ತಿದ್ದವು. ಮುದುಕರು ಕೋಲಿಲ್ಲದೆ ಹೊಳೆ ದಾಟುತ್ತಿದ್ದರು.

ಪಾಚಿ ಇತ್ತು. ಅದಕ್ಕೆ ಮನೆ ಇರಲಿಲ್ಲ, ಅಷ್ಟೆ.

ಪಾಚಿ ಕಲ್ಲಿನ ಹತ್ತಿರ ಹೋಗಿ, “ನಿನ್ನ ಬೆನ್ನ ಮೇಲೆ ಚೂರು ಜಾಗ ಕೊಡ್ತೀಯಾ?” ಎಂದು ಕೇಳಿತು.

“ತೊಲಗು,” ಎಂದಿತು ಕಲ್ಲು. “ಈಗ ತಾನೆ ಸ್ನಾನ ಮಾಡಿದ್ದೀನಿ.”

ಕಲ್ಲು ಇದ್ದದ್ದೇ ಹೊಳೆಯಲ್ಲಿ. ಯಾವಾಗ ಕೇಳಿದರೂ ಅದು ಈಗ ತಾನೆ ಸ್ನಾನ ಮಾಡಿರುತ್ತಿತ್ತು.

ಪಾಚಿ ಜೊಂಡಿನ ಹತ್ತಿರ ಹೋಯಿತು. ಜೊಂಡೂ “ತೊಲಗು” ಎಂದಿತು. ಬಸವನಹುಳುವಿನ ಹತ್ತಿರ ಹೋಯಿತು. ಬಸವನಹುಳು ಮಾತೇ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿತು. ಪಾಚಿ ಕಲ್ಲುಗಳ ಸಂದಿಯ ಕತ್ತಲಲ್ಲಿ ಮುದುಡಿಕೊಂಡು ಬದುಕಿತು. ಅಲ್ಲಿ ಏನು ಮಾಡುತ್ತಿದೆ ಎಂದು ಯಾರೂ ಕೇಳಲಿಲ್ಲ.

ಹೊಳೆಯ ದಂಡೆಯಲ್ಲಿ ಒಂದು ಗುಡಿಸಲು. ಅದರಲ್ಲಿ ದುಂಡವ್ವ ಮತ್ತು ಅವಳ ಗಂಡ ಕೆಂಚಯ್ಯ ಇದ್ದರು.

ದುಂಡವ್ವನಿಗೆ ಕೊಳೆ ಕಂಡರೆ ಆಗದು. ಬೂದಿಯೂ ನಾರೂ ಕೈಯಲ್ಲಿದ್ದರೆ ಅವಳಿಗೆ ಹಸಿವೂ ನೆನಪಾಗುತ್ತಿರಲಿಲ್ಲ. ಮಡಕೆ ತಿಕ್ಕಿದಳು. ಹೊಸ್ತಿಲು ತಿಕ್ಕಿದಳು. ಸುಮ್ಮನೆ ನಿಂತಿದ್ದ ಎಮ್ಮೆಯ ಕೊಂಬು ತಿಕ್ಕಿದಳು. ಒಂದು ಮಧ್ಯಾಹ್ನ ಕೆಂಚಯ್ಯ ಮಲಗಿದ್ದಾಗ ಅವನ ಹಿಮ್ಮಡಿಯನ್ನೂ ತಿಕ್ಕಿದಳು.

“ಅಯ್ಯಯ್ಯೋ, ಅದು ನನ್ನ ಕಾಲು ಕಣೇ!” ಎಂದು ಅವನು ಎದ್ದು ಕೂತ.

“ನಿಂದೇ ಅಂತ ಗೊತ್ತು. ಬೇರೆಯವರದು ಇಷ್ಟು ಕೊಳೆ ಇರಲ್ಲ,” ಎಂದಳು.

ಎಲ್ಲಕ್ಕಿಂತ ಅವಳಿಗೆ ಆಗದಿದ್ದದ್ದು ಮುಸುರೆ. ಉಂಡ ಪಾತ್ರೆ ಮುಸುರೆ. ಅಡಿಗೆ ತಾಗಿದ ಮಡಕೆ ಮುಸುರೆ. ಅದು ಹಾಗೇ ಬಿದ್ದಿರಬಾರದು. ಉಂಡ ಕೈ ಒಣಗುವ ಮೊದಲೇ ತಿಕ್ಕಿ ಬೋರಲು ಹಾಕಬೇಕು. ಇದು ಅವಳ ಮನೆಯ ಕಟ್ಟಳೆ.

ಹೀಗಿರುವಾಗ ಬೇಸಿಗೆ ಬಂತು.

ಅದು ಮೊದಲ ಬೇಸಿಗೆ. ಅಲ್ಲಿಯವರೆಗೆ ಯಾರೂ ಅದನ್ನು ನೋಡಿರಲಿಲ್ಲ. “ಇದೇನು ಇಷ್ಟು ಬಿಸಿ?” ಎಂದು ಹೊಳೆ ಕೇಳಿತು. ಯಾರಿಗೂ ಗೊತ್ತಿರಲಿಲ್ಲ. ಹೊಳೆ ದಿನದಿನಕ್ಕೂ ಬಡವಾಯಿತು. ಕೊನೆಗೆ, “ಬೆಟ್ಟದ ಮೇಲೆ ಹೋಗಿ ಮೋಡವನ್ನು ಕಂಡು ಬರ್ತೀನಿ,” ಎಂದು ಹೊರಟುಹೋಯಿತು.

ಮೀನುಗಳು ಉಳಿದ ನೀರಿನ ಜೊತೆ ಸಮುದ್ರದ ಕಡೆ ಓಡಿದವು. ಅಲ್ಲಿನ ಉಪ್ಪು ಅವಕ್ಕೆ ರುಚಿಸಿತು. ಮತ್ತೆ ಬರಲಿಲ್ಲ.

ಒಂದು ಮೀನು ಮಾತ್ರ ಹಿಂದೆ ಉಳಿಯಿತು. ಚಿಕ್ಕದು, ಬೆಳ್ಳಿಯ ಬಣ್ಣದ್ದು. ಹೊಟ್ಟೆ ತುಂಬ ಮೊಟ್ಟೆ ಇದ್ದುದರಿಂದ ಅದಕ್ಕೆ ಓಡಲಾಗಲಿಲ್ಲ. ಬಂಡೆಯ ಪಕ್ಕದ ಗುಂಡಿಯಲ್ಲಿ ಬೊಗಸೆಯಷ್ಟು ನೀರು. ಅದರಲ್ಲಿ ಮೀನು. ಪಕ್ಕದಲ್ಲಿ ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿತ್ತು.

“ನನಗೇನೂ ಅವಸರ ಇಲ್ಲ,” ಎಂದಿತು ಕೊಕ್ಕರೆ.

ಆ ಹೊತ್ತಿಗೆ ದುಂಡವ್ವ ಕೊಡ ಹಿಡಿದು ಬಂದಳು. ಹೊಳೆ ಇಲ್ಲದ್ದು ನೋಡಿ ನಿಂತಳು.

“ಅವ್ವಾ,” ಎಂದಿತು ಮೀನು. “ನನ್ನನ್ನ ನಿನ್ನ ಮನೆಗೆ ಕರಕೊಂಡು ಹೋಗು.”

ದುಂಡವ್ವ ಬಗ್ಗಿ ನೋಡಿದಳು. “ಬರ್ತೀಯಾ? ಬಾ. ಹುರಿಯೋದಾ, ಸಾರು ಮಾಡೋದಾ?”

“ಅವ್ವಾ, ನಾನು ಬಾಣಂತನಕ್ಕೆ ಬರ್ತೀನಿ ಅಂತ ಹೇಳ್ತಿದ್ದೀನಿ!”

ಬಾಣಂತನ ಎಂದ ಮೇಲೆ ಮಾತಿಲ್ಲ. ದುಂಡವ್ವ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಕೊಡದಲ್ಲಿ ಬಿಟ್ಟಳು. ಗುಂಡಿಯ ನೀರನ್ನೂ ಅದರಲ್ಲೇ ಮೊಗೆದುಕೊಂಡಳು.

“ಹೊಳೆ ಬಂದ ದಿನ ನಿನ್ನನ್ನೂ ನಿನ್ನ ಮೊಟ್ಟೆಗಳನ್ನೂ ಜೀವದಿಂದ ತಂದು ಬಿಡ್ತೀನಿ. ಇದು ದುಂಡವ್ವನ ಮಾತು,” ಎಂದಳು.

ಗಾಳಿ ಅದನ್ನು ಕೇಳಿಸಿಕೊಂಡಿತು. ಗಾಳಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಬೆಟ್ಟ ಹತ್ತಿ ಹೊಳೆಗೆ ಹೇಳಿತು. ಹೊಳೆಗೆ ಧೈರ್ಯ ಬಂತು. ತನಗೆ ಇನ್ನು ಮೀನು ಎಂದರೆ ಅದೊಂದೇ ಎಂದು ಹೊಳೆಗೆ ಗೊತ್ತಿತ್ತು. ಅದು ಸತ್ತರೆ ಹೊಳೆಯಲ್ಲಿ ಬರೀ ನೀರು.

ದುಂಡವ್ವ ಗುಡಿಸಲಿನ ನೆರಳಲ್ಲಿ ಅಗಲ ಬಾಯಿಯ ಮಣ್ಣಿನ ಬಾನಿ ಇಟ್ಟಳು. ತೊಳೆದ ಮರಳು ಹಾಸಿದಳು. ಮೀನು ಮರೆಯಲ್ಲಿ ಮಲಗಲೆಂದು ಒಂದು ಹೊಳೆಕಲ್ಲು ತಂದಳು. ಕಲ್ಲನ್ನು ಬೂದಿ ಹಾಕಿ ತಿಕ್ಕಿದಳು.

“ಇನ್ನೂ ಸ್ವಲ್ಪ ಎಡಕ್ಕೆ,” ಎಂದಿತು ಕಲ್ಲು.

ಆ ಕಲ್ಲಿನಲ್ಲಿ ಒಂದು ಸೀಳು ಇತ್ತು. ಸೀಳಿನೊಳಗೆ ಪಾಚಿ ಅಡಗಿ ಕೂತಿತ್ತು. ಅವಳ ನಾರು ಅಲ್ಲಿಗೆ ಹೋಗಲಿಲ್ಲ.

ಬೆಟ್ಟದ ಬುಡದಲ್ಲಿ ಒಂದು ಒರತೆ ಇನ್ನೂ ಜಿನುಗುತ್ತಿತ್ತು. ಕೆಂಚಯ್ಯ ಅಲ್ಲಿಂದ ನೀರು ಹೊತ್ತು ತಂದು ಬಾನಿ ತುಂಬಿಸಿದ. ಮೀನು ಸುತ್ತು ಹಾಕಿತು. ದುಂಡವ್ವ ಬೆಂದ ನವಣೆಯ ಕಾಳು ಉದುರಿಸಿದಳು. ಮೀನು ತಿಂದಿತು. ಎಲ್ಲರಿಗೂ ಸಂತೋಷ.

ಅಷ್ಟರಲ್ಲಿ ದುಂಡವ್ವನ ಮುಖ ಬದಲಾಯಿತು.

“ಉಂಡಿತಲ್ಲ,” ಎಂದಳು.

“ಉಂಡಿತು,” ಎಂದ ಕೆಂಚಯ್ಯ.

“ಹಾಗಾದರೆ ಬಾನಿ ಮುಸುರೆಯಾಯಿತು.”

ಮೀನನ್ನು ಸೋರೆ ಬುರುಡೆಗೆ ಎತ್ತಿ ಹಾಕಿದಳು. ಬಾನಿಯ ನೀರು ಚೆಲ್ಲಿದಳು. ಬಾನಿ ತಿಕ್ಕಿದಳು, ಮರಳು ತೊಳೆದಳು, ಕಲ್ಲು ತಿಕ್ಕಿದಳು. ಕೆಂಚಯ್ಯ ಮತ್ತೆ ಒರತೆಗೆ ಹೋದ.

ಸಂಜೆ ಮೀನು ಉಂಡಿತು. ಬಾನಿ ಮುಸುರೆಯಾಯಿತು. ಚೆಲ್ಲಿದಳು, ತಿಕ್ಕಿದಳು. ಕೆಂಚಯ್ಯ ಒರತೆಗೆ ಹೋದ.

ಬೆಳಿಗ್ಗೆ ಮೀನು ಉಂಡಿತು. ಬಾನಿ ಮುಸುರೆಯಾಯಿತು. ಚೆಲ್ಲಿದಳು, ತಿಕ್ಕಿದಳು. ಕೆಂಚಯ್ಯ ಒರತೆಗೆ ಹೋದ.

“ಲೇ ಇವಳೇ,” ಎಂದ ಅವನು ಕೊಡ ಇಳಿಸುತ್ತಾ. “ಅದು ತಿಂದಿದ್ದು ಒಂದು ಕಾಳು. ಅದಕ್ಕೆ ನಾನು ಬೆಟ್ಟಕ್ಕೆ ಹೋಗಿ ಬರಬೇಕಾ?”

“ಬಾಣಂತಿನ ಯಾರಾದ್ರೂ ಮುಸುರೇಲಿ ಮಲಗಿಸ್ತಾರಾ?”

“ಅದು ಇನ್ನೂ ಬಾಣಂತಿ ಅಲ್ಲ, ಬಸುರಿ.”

“ನಿನಗೇನು ಗೊತ್ತು, ನೀನು ಹೆತ್ತಿದ್ದೀಯಾ? ನಡಿ, ನೀರು ತಾ.”

ಒರತೆಯ ನೀರು ಹೊಸ ನೀರು. ನೆಲದೊಳಗಿಂದ ಆಗಷ್ಟೇ ಎದ್ದು ಬಂದದ್ದು. ತಣ್ಣಗೆ, ಖಾಲಿ, ಯಾರ ಪರಿಚಯವೂ ಇಲ್ಲದ್ದು. ಅದರಲ್ಲಿ ಬಿದ್ದಾಗಲೆಲ್ಲ ಮೀನು ಬೆಚ್ಚುತ್ತಿತ್ತು.

“ಅವ್ವಾ, ಈ ನೀರು ಕಚ್ಚುತ್ತೆ.”

“ನೀರಿಗೆ ಹಲ್ಲೆಲ್ಲಿ ಮಗಳೇ? ಎಲ್ಲೋ ಕೊಳೆ ಉಳಿದಿದೆ,” ಎಂದು ದುಂಡವ್ವ ಇನ್ನೊಮ್ಮೆ ತಿಕ್ಕಿದಳು.

ಮೀನಿನ ಬೆಳ್ಳಿ ಬಣ್ಣ ಬೂದಿಯ ಬಣ್ಣವಾಯಿತು. ರೆಕ್ಕೆಗಳು ಮೈಗೆ ಅಂಟಿಕೊಂಡವು. ಅದು ಕಲ್ಲಿನ ಮರೆ ಬಿಟ್ಟು ಬರಲಿಲ್ಲ. ಬಂದರೆ ನೀರಿನ ಮೇಲೆ ಬಾಯಿ ಇಟ್ಟು ಗಾಳಿ ಗುಟುಕರಿಸುತ್ತಿತ್ತು. ಕಾಳು ಹಾಕಿದರೆ ಮುಟ್ಟಲಿಲ್ಲ. ದುಂಡವ್ವ ಇನ್ನೂ ಹೆಚ್ಚು ಕಾಳು ಹಾಕಿದಳು. ಇನ್ನೂ ಹೆಚ್ಚು ತಿಕ್ಕಿದಳು.

ಕೊಕ್ಕರೆ ಬೇಲಿಯ ಹತ್ತಿರ ಬಂತು. “ಬಸುರಿ ಹೇಗಿದ್ದಾಳೆ, ವಿಚಾರಿಸಿಕೊಂಡು ಹೋಗೋಣ ಅಂತ ಬಂದೆ.”

ದುಂಡವ್ವ ನಾರಿನ ಉಂಡೆಯನ್ನು ಅದರ ತಲೆಗೆ ಎಸೆದಳು.

ಮರುದಿನ ಬೆಳಗಾದಾಗ ಮೀನು ಒಂದು ಪಕ್ಕಕ್ಕೆ ವಾಲಿತ್ತು. ಕಿವಿರು ಒಮ್ಮೆ ಆಡಿತು. ಬಹಳ ಹೊತ್ತು ಬಿಟ್ಟು ಇನ್ನೊಮ್ಮೆ ಆಡಿತು.

ದುಂಡವ್ವನ ಕೈ ತಾನಾಗಿ ಬೂದಿಯ ಕಡೆ ಹೋಯಿತು. ಅವಳಿಗೆ ಗೊತ್ತಿದ್ದದ್ದು ಅದೊಂದೇ.

“ದುಂಡವ್ವಾ, ಬೇಡ,” ಎಂದು ಒಂದು ಸಣ್ಣ ದನಿ ಕೇಳಿತು.

“ಯಾರದು?”

“ನಾನು, ಪಾಚಿ. ಕಲ್ಲಿನ ಸೀಳಿನಲ್ಲಿದ್ದೀನಿ.”

“ಅಯ್ಯೋ ಹೊಲಸೇ! ಇಲ್ಲೇ ಇದ್ದೀಯಾ? ತೊಲಗು!”

“ಆಮೇಲೆ ತೊಲಗ್ತೀನಿ. ಮೊದಲು ಒಂದು ಮಾತು ಹೇಳು. ಹೊಳೇಲಿ ಅಷ್ಟೊಂದು ಮೀನು ಇದ್ದವು. ಎಲ್ಲ ಉಣ್ಣುತ್ತಿದ್ದವು. ಅಲ್ಲಿ ಮುಸುರೆ ತಿಕ್ಕುತ್ತಿದ್ದೋರು ಯಾರು?”

ದುಂಡವ್ವನಿಗೆ ಇದು ಹೊಳೆದೇ ಇರಲಿಲ್ಲ. “ಯಾರು?” ಎಂದಳು.

“ನಾನು.”

“ನೀನಾ? ನೀನೇ ಒಂದು ಮುಸುರೆ!”

“ಎಲ್ಲರೂ ಹಾಗೇ ಅಂತಾರೆ. ಆದರೂ ತಿಕ್ಕುತ್ತಿದ್ದೆ. ಮೀನು ತಿಂದು ಬಿಟ್ಟಿದ್ದು, ಮೀನಿನ ಹೊಟ್ಟೆಯಿಂದ ಬಂದಿದ್ದು, ಎಲ್ಲ ನನ್ನ ಊಟ. ಇಲ್ಲಿಗೂ ಅದಕ್ಕೇ ಬಂದೆ. ನಾನು ಕಾಲೂರುವಷ್ಟರಲ್ಲಿ ನೀನು ಕಿತ್ತು ಹಾಕ್ತೀಯ. ನೀನು ಕೊಳೆ ತೊಳೀತಿಲ್ಲ ದುಂಡವ್ವ. ಕೊಳೆ ತೊಳೆಯೋರನ್ನ ತೊಳೀತಿದ್ದೀಯ.”

ದುಂಡವ್ವ ಗಂಡನ ಮುಖ ನೋಡಿದಳು.

“ಒಂದು ಸಲ ಬಿಟ್ಟು ನೋಡೇ,” ಎಂದ ಕೆಂಚಯ್ಯ. “ಹೇಗೂ ಹೋಗ್ತಾ ಇದೆ.”

ಆ ಮಾತು ಅವಳ ಎದೆಗೆ ತಾಗಿತು. ಅವಳು ಎದ್ದಳು. ಬೂದಿಯ ಗಡಿಗೆ, ನಾರು, ಹುಣಸೆಹಣ್ಣು ಎಲ್ಲವನ್ನೂ ತಂದು ಅವನ ಮಡಿಲಿಗೆ ಹಾಕಿದಳು.

“ಎಲ್ಲಾದರೂ ಬಚ್ಚಿಡು. ನಾನು ಕೇಳಿದರೂ ಕೊಡಬೇಡ. ಅತ್ತರೂ ಕೊಡಬೇಡ. ಬೈದರೂ ಕೊಡಬೇಡ.”

“ಬೈಯದೇ ಕೇಳಿದ್ರೆ?”

“ಹೋಗಯ್ಯ!”

ಪಾಚಿ ಸೀಳಿನಿಂದ ಮೆಲ್ಲಗೆ ಹೊರಗೆ ಬಂತು. ಕಲ್ಲಿನ ಮೇಲೆ ಒಂದು ಚೂರು ಕಾಲಿಟ್ಟಿತು. ಕಲ್ಲು “ತೊಲ...” ಎಂದು ಶುರು ಮಾಡಿತು. ವಾಲಿ ಮಲಗಿದ್ದ ಮೀನನ್ನು ನೋಡಿ ಸುಮ್ಮನಾಯಿತು.

“ಕಾಳು ಕಡಿಮೆ ಹಾಕು,” ಎಂದಿತು ಪಾಚಿ. “ನನ್ನ ಹೊಟ್ಟೆಯೂ ಇಷ್ಟೇ ಇರೋದು. ಬಾನೀನ ಪೂರ್ತಿ ಚೆಲ್ಲಬೇಡ. ಒಂದು ಬುರುಡೆ ತೆಗೆದು ಒಂದು ಬುರುಡೆ ಹಾಕು, ಸಾಕು. ಆ ನೀರನ್ನೂ ಒರತೆಯಿಂದ ನೇರವಾಗಿ ಸುರಿಯಬೇಡ. ರಾತ್ರಿ ಅಂಗಳದಲ್ಲಿ ಕೂತು ಸುಧಾರಿಸಿಕೊಂಡು ಬರಲಿ.”

“ನೀರು ಸುಧಾರಿಸಿಕೊಳ್ಳಬೇಕಾ?” ಎಂದ ಕೆಂಚಯ್ಯ. “ಹೊತ್ತು ತರೋನು ನಾನು. ನನಗೆ ಯಾರೂ ಹಾಗೆ ಹೇಳಲಿಲ್ಲ.”

ಕೆಲಸ ಶುರುವಾಯಿತು. ಕೆಲಸ ಎಂದರೆ, ಏನೂ ಮಾಡದೆ ಇರುವುದು. ದುಂಡವ್ವನಿಗೆ ಅದಕ್ಕಿಂತ ಕಷ್ಟದ ಕೆಲಸ ಇರಲಿಲ್ಲ.

ಮೊದಲು ನೀರು ಕಲಕಿತು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಮೀನು ಕಾಣದಂತಾಯಿತು.

“ಬೂದಿ ಕೊಡು,” ಎಂದಳು ದುಂಡವ್ವ.

“ಇಲ್ಲ.”

“ನಾರಾದರೂ ಕೊಡು.”

“ಇಲ್ಲ.”

“ಬರೀ ಬಾನಿಯ ಅಂಚು ಒರೆಸ್ತೀನಿ ಅಂದ್ರೆ!”

“ಇಲ್ಲ ಅಂದ್ರೆ ಇಲ್ಲ ಕಣೇ.”

ಅವಳು ಬೈದಳು. ಅತ್ತಳು. ಕೆಂಚಯ್ಯ ಎಮ್ಮೆಯ ಹಿಂದೆ ಹೋಗಿ ನಿಂತುಕೊಂಡ. ಕೊನೆಗೆ ಅವಳು ಬಾನಿಯ ಪಕ್ಕ ಕೂತಳು. ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

“ಮಗಳೇ, ಇದ್ದೀಯಾ?” ಎಂದು ಕೇಳುತ್ತಿದ್ದಳು.

“ಇದ್ದಾಳೆ,” ಎನ್ನುತ್ತಿತ್ತು ಪಾಚಿ. “ನಾನು ಕೆಲಸದಲ್ಲಿದ್ದೀನಿ. ಮಾತಾಡಿಸಬೇಡ.”

ಗಾಳಿ ಬಂದು ಬಾನಿಯ ಮೇಲೆ ಮೆಲ್ಲಗೆ ಊದಿತು. ನೀರಿನ ಮುಖ ಅಲುಗಿತು. ಮತ್ತೆ ಮತ್ತೆ ಊದಿತು. ಮೀನಿಗೆ ಉಸಿರು ಸಿಗಲೆಂದು. ಗಾಳಿಗೆ ಅಷ್ಟು ಹೊತ್ತು ಒಂದೇ ಕಡೆ ನಿಂತು ಅಭ್ಯಾಸವಿರಲಿಲ್ಲ. ಆದರೂ ನಿಂತಿತು.

ಹೀಗೆ ದಿನಗಳು ಹೋದವು. ದುಂಡವ್ವನ ಗುಡಿಸಲಲ್ಲಿ ಅಷ್ಟು ದಿನ ಯಾರೂ ಏನನ್ನೂ ತಿಕ್ಕಲಿಲ್ಲ. ಎಮ್ಮೆಗೇ ಆಶ್ಚರ್ಯವಾಯಿತು.

ಒಂದು ಬೆಳಿಗ್ಗೆ ನೀರು ತಿಳಿಯಾಯಿತು.

ಒರತೆಯ ನೀರಿನ ಹಾಗೆ ಖಾಲಿ ತಿಳಿ ಅಲ್ಲ, ಹೊಳೆಯ ಹಳೆಯ ಮಡುವಿನ ತಿಳಿ. ಮೂಗಿಟ್ಟು ನೋಡಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಕಲ್ಲಿನ ಮೇಲೆ ತೆಳ್ಳಗೆ ಹಸಿರು ಹೊದಿಕೆ. ಹೊದಿಕೆಯ ಮೇಲೆ ಮೀನು ನೆಟ್ಟಗೆ ನಿಂತಿತ್ತು. ರೆಕ್ಕೆ ಬಿಚ್ಚಿತ್ತು. ಬೆಳ್ಳಿಯ ಬಣ್ಣ ಮರಳಿತ್ತು. ಅದು ಪಾಚಿಯ ಒಂದು ಚೂರನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು.

“ಅವ್ವಾ,” ಎಂದಿತು. “ಹಸಿವು.”

ದುಂಡವ್ವ ಗೋಡೆಗೆ ಒರಗಿ ಕೂತುಬಿಟ್ಟಳು. ಎದೆಯ ಮೇಲಿದ್ದ ಗುಂಡುಕಲ್ಲು ಇಳಿದ ಹಾಗಾಯಿತು. ಕೆಂಚಯ್ಯ ಕೊಡ ಕೆಳಗಿಟ್ಟು ಅವಳ ಪಕ್ಕ ಕೂತ.

“ಇವತ್ತು ಒರತೆಗೆ ಹೋಗಬೇಕಾ?” ಎಂದು ಆಮೇಲೆ ಕೇಳಿದ.

“ಬೇಡ. ಮಲಗು,” ಎಂದಳು.

ಅವನು ಕೂತಲ್ಲೇ ಮಲಗಿದ. ಅವನ ಹಿಮ್ಮಡಿ ಅವಳ ಕಣ್ಣೆದುರೇ ಇತ್ತು. ಅವಳು ಸುಮ್ಮನಿದ್ದಳು.

ಬೇಸಿಗೆಗೂ ಒಂದು ಕೊನೆ ಇತ್ತು. ಹೊಳೆ ಮೋಡವನ್ನು ಹುಡುಕಿ ಹಿಡಿದಿತ್ತು. ಒಂದು ಮಧ್ಯಾಹ್ನ ಬೆಟ್ಟದ ಕಡೆಯಿಂದ ಸದ್ದು ಕೇಳಿತು. ಕೆಂಪು ನೀರು ಕಲ್ಲುಗಳನ್ನು ಉರುಳಿಸಿಕೊಂಡು ಬಂತು. ಗುಡಿಸಲಿನ ಹತ್ತಿರ ಬಂದು ನಿಧಾನವಾಯಿತು.

“ನನ್ನ ಮೀನೆಲ್ಲಿ?” ಎಂದು ಕೇಳಿತು ಹೊಳೆ.

“ಇಲ್ಲೇ ಇದ್ದಾಳೆ. ಕೂಗಾಡಬೇಡ, ಬಸುರಿ ಹೆದರ್ತಾಳೆ,” ಎಂದಳು ದುಂಡವ್ವ.

ಗಂಡ ಹೆಂಡಿರು ಬಾನಿಯನ್ನು ಎತ್ತಿಕೊಂಡು ದಂಡೆಗೆ ಬಂದರು. ಹೊಳೆ ಅವಸರ ಮಾಡಿತು. “ಸುರಿ, ಸುರಿ,” ಎಂದಿತು. ದುಂಡವ್ವ ಸುರಿಯಲಿಲ್ಲ. ಹೊಸ ನೀರು ಕಚ್ಚುತ್ತದೆ ಎಂದು ಈಗ ಅವಳಿಗೆ ಗೊತ್ತಿತ್ತು. ಬಾನಿಯನ್ನು ದಂಡೆಯ ತಗ್ಗಿನಲ್ಲಿ ಇಳಿಸಿ ಹಿಡಿದು ನಿಂತಳು. ಹೊಳೆಯ ನೀರು ಅಂಚು ದಾಟಿ ಅಷ್ಟಷ್ಟೇ ಒಳಗೆ ಬಂತು. ಬಾನಿಯ ನೀರು ಅಷ್ಟಷ್ಟೇ ಹೊರಗೆ ಹೋಯಿತು. ಎರಡಕ್ಕೂ ಪರಿಚಯವಾಯಿತು.

ಹೊಳೆ ಉಸಿರು ಬಿಗಿಹಿಡಿದು ನಿಂತಿತ್ತು. ದಂಡೆಯ ಜೊಂಡೂ ಅಲುಗಲಿಲ್ಲ.

ಮೀನು ಬಾನಿಯ ಅಂಚಿಗೆ ಬಂತು. ಮೂಗು ಹೊರಗಿಟ್ಟಿತು. ಬಾಲ ಆಡಿಸಿತು. ಹೋಯಿತು.

ಹೊಳೆ ಉಸಿರು ಬಿಟ್ಟಿತು. ಆ ಉಸಿರಿಗೆ ದಂಡೆಯಿಂದ ದಂಡೆಗೆ ಅಲೆ ಎದ್ದಿತು. ದುಂಡವ್ವನೂ ಉಸಿರು ಬಿಟ್ಟಳು. ಕೆಂಚಯ್ಯ ಟವಲಿನಿಂದ ಮುಖ ಒರೆಸಿಕೊಂಡ. ನೀರು ಹಾರಿತು ಅಂದ.

ಸಂಜೆಯ ಹೊತ್ತಿಗೆ ಮೀನು ಜೊಂಡಿನ ಬುಡದಲ್ಲಿ ಮೊಟ್ಟೆ ಇಟ್ಟಿತು. ಸಾಸಿವೆ ಚೆಲ್ಲಿದ ಹಾಗಿತ್ತು. ಹೊಳೆಗೆ ಮತ್ತೆ ಮೀನು ಬಂತು.

ಆಮೇಲೆ ಹೊಳೆ ಪಾಚಿಯನ್ನು ಕರೆಯಿತು. “ನಿನಗೆ ಏನು ಬೇಕು, ಕೇಳು.”

ಪಾಚಿಗೆ ಕೇಳಿ ಅಭ್ಯಾಸವಿರಲಿಲ್ಲ. “ನನಗೆ ಒಂದು ಮನೆ ಬೇಕು,” ಎಂದಿತು ಮೆಲ್ಲಗೆ.

“ಯಾರು ಕೊಡ್ತೀರಿ?” ಎಂದು ಹೊಳೆ ಕಲ್ಲುಗಳನ್ನು ಕೇಳಿತು.

ಕಲ್ಲುಗಳು ಮುಖ ಮುಖ ನೋಡಿಕೊಂಡವು. ಬಾನಿಯೊಳಗಿನ ಕಲ್ಲು ಮೊದಲು ಮಾತಾಡಿತು. “ನನ್ನ ಮೇಲೆ ಇರಲಿ. ಮೆತ್ತಗಿದೆ. ಬೆನ್ನಿಗೆ ಹಿತ.” ಅದನ್ನು ಕೇಳಿ ಇನ್ನೊಂದು ಕಲ್ಲು, “ನನಗೂ,” ಎಂದಿತು. ಆಮೇಲೆ ಎಲ್ಲವೂ “ನನಗೂ, ನನಗೂ” ಎಂದವು.

ಪಾಚಿ ಇನ್ನೂ ಹಿಂದೆ ಮುಂದೆ ನೋಡಿತು. “ಮತ್ತೆ ಯಾರಾದರೂ ಬಂದು ತಿಕ್ಕಿದರೆ?”

“ನಿನ್ನ ಮೇಲಿಟ್ಟ ಕೈ ಜಾರಲಿ,” ಎಂದಿತು ಹೊಳೆ. “ಇಟ್ಟ ಕಾಲೂ ಜಾರಲಿ. ಎಂಥವರದೇ ಆಗಲಿ.”

ದುಂಡವ್ವ ಇದನ್ನು ಕೇಳಿಸಿಕೊಂಡಿರಲಿಲ್ಲ. ಮೊಟ್ಟೆಗಳನ್ನು ನೋಡೋಣ ಎಂದು ಅವಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಕಾಲಿಟ್ಟದ್ದು ಪಾಚಿ ಆಗಲೇ ಮನೆ ಮಾಡಿಕೊಂಡಿದ್ದ ಕಲ್ಲಿನ ಮೇಲೆ. ಸರ್ರನೆ ಜಾರಿದಳು. ಸೊಂಟದವರೆಗೆ ನೀರಲ್ಲಿ ದೊಪ್ಪೆಂದು ಕೂತಳು.

“ತಿಕ್ಕೇ ಈಗ, ತಿಕ್ಕು!” ಎಂದು ಕೆಂಚಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

“ನಗ್ತೀಯಾ? ಬಾ ಇಲ್ಲಿ!” ಎಂದು ಅವಳು ಅವನ ಕಾಲೆಳೆದಳು. ಅವನೂ ಕೂತ. ಏನಾಯಿತೆಂದು ನೋಡಲು ಬಂದ ಕೊಕ್ಕರೆ ಜಾರುವ ಭಯಕ್ಕೆ ಮೊದಲ ಸಲ ಎರಡೂ ಕಾಲೂರಿತು. ದುಂಡವ್ವನಿಗೂ ನಗು ಬಂತು. ಮೊಟ್ಟೆಗಳು ಪಕ್ಕದಲ್ಲೇ, ಸುರಕ್ಷಿತವಾಗಿ, ನೀರಲ್ಲಿ ತೂಗಾಡುತ್ತಿದ್ದವು.

ಅಂದಿನಿಂದ ಹೊಳೆಗಿಳಿದವರ ಕಾಲು ಕಲ್ಲಿನ ಮೇಲೆ ಜಾರುತ್ತದೆ. ನಿನ್ನ ಮನೆಯ ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಇಟ್ಟ ಕಲ್ಲನ್ನು ಮುಟ್ಟಿದರೆ ಬೆರಳು ಜಾರುವುದೂ ಅದಕ್ಕೇ, ಅಲ್ಲಿ ಪಾಚಿ ಇನ್ನೂ ಕೆಲಸದಲ್ಲಿದೆ.